ಬರಲಿರುವ ಎಲೆಗೆ ಎಷ್ಟು ಕೊಡುತ್ತೀರಿ?

ನಿಮ್ಮ ಕೈಯಲ್ಲಿ ಎರಡು ಎಲೆ: ಆಟೀನ್ ಎಕ್ಕ, ಆಟೀನ್ ಆರು. ಮೇಜಿನ ನಡುವೆ ಮೂರು ಎಲೆ ತೆರೆದುಕೊಂಡಿವೆ: ಆಟೀನ್ ರಾಜ, ಆಟೀನ್ ಒಂಬತ್ತು, ಕಳಾವರ್ ನಾಲ್ಕು.

ಎಣಿಸಿದಿರಾ? ನಾಲ್ಕು ಆಟೀನ್! ಇನ್ನೊಂದೇ ಒಂದು ಬಿದ್ದರೆ ಒಂದೇ ಜಾತಿಯ ಐದು ಎಲೆ ಕೂಡುತ್ತವೆ. ಅದೇ ಫ್ಲಶ್! ಅದೂ ಎಕ್ಕವಿರುವ ಫ್ಲಶ್. ಅದನ್ನು ಮೀರಿಸುವ ಇನ್ನೊಂದು ಫ್ಲಶ್ ಈ ಮೇಜಿನಲ್ಲಿ ಯಾರಿಗೂ ಸಿಗದು.

ಇನ್ನೂ ಎರಡು ಎಲೆ ತೆರೆಯುವುದು ಬಾಕಿ. ಈಗ ಹೇಳಿ, ಆ ಐದನೇ ಆಟೀನ್ ಬರುವ ಸಾಧ್ಯತೆ ನೂರಕ್ಕೆ ಎಷ್ಟು?

ತಡೆಯಿರಿ! ಮುಂದೆ ಓದಬೇಡಿ. ಮೊದಲು ಮನಸ್ಸಿನಲ್ಲೇ ಒಂದು ಸಂಖ್ಯೆ ಹಿಡಿಯಿರಿ. ಎಪ್ಪತ್ತು? ಅರವತ್ತು? ಹೋಗಲಿ, ಐವತ್ತು?

35!

ಅಷ್ಟೇ ರೀ! ನಾಲ್ಕು ಎಲೆ ಆಗಲೇ ಕೂಡಿವೆ. ಎರಡು ಅವಕಾಶ ಕೈಯಲ್ಲಿದೆ. ಆದರೂ ನೂರರಲ್ಲಿ 65 ಸಲ ಆ ಎಲೆ ಬರುವುದೇ ಇಲ್ಲ!

ನಂಬಿಕೆ ಬರಲಿಲ್ಲವೇ? ಎಣಿಸಿ ನೋಡಿ. ಪ್ಯಾಕಿನಲ್ಲಿ 52 ಎಲೆ. ನಿಮಗೆ ಕಂಡದ್ದು ಐದು. ಉಳಿದದ್ದು 47. ಅದರಲ್ಲಿ ಆಟೀನ್ ಒಂಬತ್ತು, ಬೇರೆಯವು 38. ಮೊದಲ ಎಲೆ ಕೈಕೊಡುವುದು 47ರಲ್ಲಿ 38 ಸಲ. ಎರಡನೆಯದೂ ಕೈಕೊಡುವುದು 46ರಲ್ಲಿ 37 ಸಲ. ಎರಡನ್ನೂ ಗುಣಿಸಿ. 65 ಬಂತಲ್ಲ!

ಇದು ನೋ-ಲಿಮಿಟ್ ಪೋಕರ್. ಟೆಕ್ಸಾಸ್ ಹೋಲ್ಡೆಮ್ ಎನ್ನುವ ಬಗೆ. ಒಬ್ಬೊಬ್ಬರಿಗೂ ಗುಟ್ಟಾಗಿ ಎರಡು ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಮೊದಲು ಒಟ್ಟಿಗೆ ಮೂರು, ಅದು ಫ್ಲಾಪ್. ಆಮೇಲೆ ಒಂದು, ಅದು ಟರ್ನ್. ಕೊನೆಗೆ ಒಂದು, ಅದು ರಿವರ್. ಪ್ರತಿ ಹಂತದಲ್ಲೂ ಪಣ. ಎಷ್ಟು ಪಣ? ಮಿತಿಯೇ ಇಲ್ಲ! ಮುಂದಿರುವ ಅಷ್ಟೂ ಬಿಲ್ಲೆಯನ್ನು ಯಾವ ಸರದಿಯಲ್ಲಾದರೂ ಒಂದೇ ಏಟಿಗೆ ತಳ್ಳಬಹುದು.

ನಿಯಮ ಇಷ್ಟೇ. ಕಲಿಯಲು ಹತ್ತು ನಿಮಿಷ ಸಾಕು. ನನ್ನನ್ನು ಬೆರಗಾಗಿಸಿದ್ದು ಇದರೊಳಗೆ ಅಡಗಿ ಕುಳಿತಿರುವ ಒಂದು ಪ್ರಶ್ನೆ. ಇನ್ನೂ ಏನೂ ಆಗಿಲ್ಲದ, ಆದರೆ ಒಂದೇ ಎಲೆಯಲ್ಲಿ ಎಲ್ಲವೂ ಆಗಬಹುದಾದ ಕೈಗೆ ಆಟಗಾರರು ಡ್ರಾ ಎನ್ನುತ್ತಾರೆ. ಆ ಕೈಯನ್ನು ಬಿಸಾಡುವುದು ಯಾವಾಗ?

‘ಎಲೆ ಬರಲ್ಲ ಅನ್ನಿಸಿದಾಗ’ ಎಂದಿರಾ? ತಪ್ಪು! ಎಲೆ ಬರುತ್ತದೋ ಇಲ್ಲವೋ ಎನ್ನುವುದು ಪ್ರಶ್ನೆಯೇ ಅಲ್ಲ! ಪ್ರಶ್ನೆ ಬೆಲೆಯದು. ಆ ಎಲೆಯನ್ನು ನೋಡಲು ಎಷ್ಟು ಕೇಳುತ್ತಿದ್ದಾರೆ?

ಪಾಟ್‌ನಲ್ಲಿ, ಅಂದರೆ ನಡುವಿನ ರಾಶಿಯಲ್ಲಿ, ಸಾವಿರ ಬಿಲ್ಲೆ ಇದೆ ಅಂದುಕೊಳ್ಳಿ. ಎದುರಾಳಿ ಇನ್ನೊಂದು ಸಾವಿರ ಕಟ್ಟಿದ. ನೀವೂ ಸಾವಿರ ಹಾಕಿದರೆ ಮಾತ್ರ ಮುಂದಿನ ಎಲೆ. ಆಗ ರಾಶಿ ಮೂರು ಸಾವಿರ. ಅದರಲ್ಲಿ ನಿಮ್ಮದು ಒಂದು ಸಾವಿರ, ಅಂದರೆ ಮೂರನೇ ಒಂದು ಪಾಲು. ಹಾಗಾದರೆ ಮೂರರಲ್ಲಿ ಒಂದು ಸಲವಾದರೂ ನೀವು ಗೆಲ್ಲಬೇಕು. ನೂರಕ್ಕೆ 33.3. ಅಷ್ಟಿದ್ದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ನಿಮ್ಮ ಬಳಿ ಇರುವುದು 35. ಬೇಕಾದದ್ದು 33.3. ಹಾಕಿಬಿಡಿ ಸಾವಿರ! ಅಲ್ಲವೇ?

ಅಲ್ಲ! ಇಲ್ಲೇ ಇದೆ ಮೊದಲ ಗುಂಡಿ. ಎಷ್ಟೋ ಜನ ಇದರಲ್ಲೇ ಬೀಳುತ್ತಾರೆ.

35 ಎನ್ನುವುದು ಎರಡು ಎಲೆಗೂ ಸೇರಿದ ಲೆಕ್ಕ. ನೀವು ಕೊಟ್ಟ ಸಾವಿರ ಒಂದೇ ಎಲೆಗೆ! ಟರ್ನ್ ಬಿದ್ದ ಮೇಲೆ ಎದುರಾಳಿ ಸುಮ್ಮನಿರುತ್ತಾನೆಯೇ? ಮತ್ತೆ ಪಣ ಕಟ್ಟುತ್ತಾನೆ. ಈಗ ರಾಶಿ ಮೂರು ಸಾವಿರ, ಅವನ ಪಣವೂ ಮೂರು ಸಾವಿರ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಟಿಕೆಟ್ ತಗೊಂಡೆ ಅಂದುಕೊಂಡು ಕೂತಿರುತ್ತೀರಿ. ತುಮಕೂರಲ್ಲೇ ಕಂಡಕ್ಟರ್ ಬಂದು ‘ಇದು ಇಲ್ಲಿಗೇ ಮುಗೀತು, ಮುಂದಕ್ಕೆ ಮೂರು ಪಟ್ಟು’ ಅಂತಾನೆ!

ಒಂದೇ ಎಲೆಯ ಸಾಧ್ಯತೆ ಎಷ್ಟು ಗೊತ್ತೇ? ಫ್ಲಾಪ್ ಆದ ಮೇಲೆ 19.1. ಟರ್ನ್ ಆದ ಮೇಲೆ 19.6. ಬೇಕಾದದ್ದು 33! ಹತ್ತಿರಕ್ಕೂ ಬರಲಿಲ್ಲ!

ಹಾಗಾದರೆ ಆ 35 ಯಾವಾಗ ನಿಮ್ಮದು? ಆ ಸಾವಿರವೇ ಕೊನೆಯ ಪಣವಾಗಿದ್ದಾಗ! ಎದುರಾಳಿ ತನ್ನಲ್ಲಿದ್ದದ್ದನ್ನೆಲ್ಲ ಮುಂದಕ್ಕೆ ತಳ್ಳಿಬಿಟ್ಟಿದ್ದರೆ ಇನ್ನು ಕೇಳಲು ಅವನಲ್ಲಿ ಏನೂ ಉಳಿದಿಲ್ಲ. ಎರಡೂ ಎಲೆ ಒಂದೇ ಬೆಲೆಗೆ ನಿಮ್ಮದು. ಆಗ ಹಾಕಿ ಸಾವಿರ!

ಸರಿ, ಟರ್ನ್ ಆಗಿದೆ. ಒಂದೇ ಎಲೆ ಬಾಕಿ. ಪಾಟ್‌ನಲ್ಲಿ ಸಾವಿರ. ನಾಲ್ಕು ಆಟೀನ್ ಹಿಡಿದ ನೀವು ಹೆಚ್ಚೆಂದರೆ ಎಷ್ಟು ಕೊಡಬಹುದು? ಊಹಿಸಿ!

ಐನೂರು? ನಾನೂರು?

321!

ಅದಕ್ಕಿಂತ ಒಂದು ಬಿಲ್ಲೆ ಹೆಚ್ಚಾದರೂ, ಬರಿಯ ಲೆಕ್ಕದ ಪ್ರಕಾರ, ಗಂಟಲ್ಲಿ ತೂತು. 320 ಕೇಳಿದರೆ ಕೊಡಿ. 330 ಕೇಳಿದರೆ ಬಿಸಾಡಿ. ರಾಶಿಯ ಮೂರನೇ ಒಂದು ಪಾಲಿಗೂ ತುಸು ಕಡಿಮೆ, ಅಲ್ಲಿದೆ ಗೆರೆ!

ಆಟೀನ್ ಬಿಡಿ. ಬೇರೆ ಕೈಗಳ ಗೆರೆ ಎಲ್ಲಿದೆ ಅಂತ ನೋಡಿ. ಏಳು, ಎಂಟು, ಒಂಬತ್ತು, ಹತ್ತು ಕೂಡಿದೆ. ಐದು ಎಲೆ ಸಾಲಾಗಲು ಆರು ಬಂದರೂ ಸರಿ, ಗುಲಾಮ ಬಂದರೂ ಸರಿ. ಎರಡೂ ಬದಿ ತೆರೆದ ಈ ಕೈಗೆ ಎಂಟು ಎಲೆ ನೆರವಿಗಿವೆ. ಸಾವಿರದ ಪಾಟ್‌ಗೆ ಇದರ ಗೆರೆ 266. ನಡುವಿನ ಒಂದೇ ಎಲೆ ತಪ್ಪಿದ್ದರೆ ನೆರವಿಗೆ ಬರುವುದು ನಾಲ್ಕೇ ಎಲೆ. ಗೆರೆ ಎಷ್ಟು? 105! ಎಂಟು ಎಲೆಯ ಅರ್ಧ ನಾಲ್ಕು, ಆದರೆ 266ರ ಅರ್ಧ 105 ಅಲ್ಲ. ಎಲೆ ಅರ್ಧವಾದರೆ ಬೆಲೆ ಅರ್ಧಕ್ಕಿಂತಲೂ ಕೆಳಗೆ ಕುಸಿಯುತ್ತದೆ!

ಇಷ್ಟೆಲ್ಲ ಭಾಗಾಕಾರವನ್ನು ಮೇಜಿನ ಮುಂದೆ ಕೂತು ಮಾಡುವುದು ಯಾರು ಅಂತೀರಾ? ಯಾರೂ ಮಾಡುವುದಿಲ್ಲ! ಆಟಗಾರರ ಬಳಿ ಒಂದು ಚಂದದ ಅಡ್ಡದಾರಿ ಇದೆ. ಕೈ ಕೂಡಿಸುವ ಎಲೆಗಳಿಗೆ ಅವರು ಔಟ್ ಎನ್ನುತ್ತಾರೆ. ಒಂದು ಎಲೆ ಬಾಕಿ ಇದ್ದರೆ ಔಟ್‌ಗಳನ್ನು ಎರಡರಿಂದ ಗುಣಿಸಿ. ಎರಡು ಎಲೆ ಬಾಕಿ ಇದ್ದರೆ ನಾಲ್ಕರಿಂದ. ಮುಗಿಯಿತು!

ಒಂಬತ್ತು ನಾಲ್ಕಲಿ ಮೂವತ್ತಾರು. ನಿಜ ಉತ್ತರ 35. ಒಂಬತ್ತು ಎರಡಲಿ ಹದಿನೆಂಟು. ನಿಜ ಉತ್ತರ 19 ಚಿಲ್ಲರೆ. ಒಂದನೇ ಕ್ಲಾಸಿನ ಮಗ್ಗಿ ಸಾಕು!

ಈಗ ಬೆಲೆಯ ಪಟ್ಟಿ ನೋಡಿ. ಇಲ್ಲೊಂದು ಸೋಜಿಗ ಕಾದಿದೆ. ಪಾಟ್‌ನಲ್ಲಿ ಸಾವಿರ. ಎದುರಾಳಿ 250 ಕಟ್ಟಿದರೆ ನಿಮಗೆ ಬೇಕಾದ ಸಾಧ್ಯತೆ ನೂರಕ್ಕೆ 16.7. 500 ಕಟ್ಟಿದರೆ 25. ಸಾವಿರಕ್ಕೆ 33.3. ಎರಡು ಸಾವಿರಕ್ಕೆ 40.

ಹತ್ತು ಸಾವಿರ ಕಟ್ಟಿದರೆ? ಪಾಟ್‌ನ ಹತ್ತು ಪಟ್ಟು! ಹೇಳಿ, ಎಷ್ಟು ಬೇಕು? ಎಂಬತ್ತು? ತೊಂಬತ್ತು?

47.6!

ಒಂದು ಲಕ್ಷ ಕಟ್ಟಿದರೆ? 49.75! ಒಂದು ಕೋಟಿ ಕಟ್ಟಲಿ, ಬೇಕಾದರೆ ಊರನ್ನೇ ಕಟ್ಟಲಿ. 50 ಮುಟ್ಟುವುದಿಲ್ಲ! ಎಂದೆಂದಿಗೂ ಮುಟ್ಟುವುದಿಲ್ಲ! ಏಕೆಂದರೆ ಅವನು ಎಷ್ಟು ಹಾಕಿದರೂ ನೀವು ಅಷ್ಟಕ್ಕೆ ಅಷ್ಟೇ ಹಾಕುತ್ತೀರಿ. ಮೊದಲೇ ಇದ್ದ ಆ ಸಾವಿರ ಮಾತ್ರ ಯಾವಾಗಲೂ ಲಾಭದ ಕಡೆಗೇ ಇರುತ್ತದೆ.

ಇದರ ಅರ್ಥ ಹೊಳೆಯಿತೇ? ಗೆಲ್ಲುವ ಸಾಧ್ಯತೆ 50 ದಾಟಿದ ಡ್ರಾ ಒಂದಿದ್ದರೆ, ಅದನ್ನು ಯಾವ ಪಣವೂ ಓಡಿಸಲಾರದು!

ಅಂಥ ಡ್ರಾ ಇದೆಯೇ? ಇನ್ನೂ ಒಂದು ಜೋಡಿಯೂ ಆಗದ ಕೈ, ಜೋಡಿ ಎಕ್ಕ ಹಿಡಿದವನಿಗಿಂತ ಮುಂದಿರಲು ಸಾಧ್ಯವೇ?

ಇದೆ! ಕೈಯಲ್ಲಿ ಇಸ್ಪೀಟ್ ಗುಲಾಮ, ಇಸ್ಪೀಟ್ ಹತ್ತು. ಫ್ಲಾಪ್‌ನಲ್ಲಿ ಇಸ್ಪೀಟ್ ಒಂಬತ್ತು, ಇಸ್ಪೀಟ್ ಎಂಟು, ಡೈಮನ್ ಎರಡು. ಎದುರಾಳಿಯ ಕೈಯಲ್ಲಿ ಕೆಂಪು ಎಕ್ಕಗಳೆರಡು. ನಿಮ್ಮ ಕೈಯಲ್ಲಿ ಸದ್ಯಕ್ಕೆ ಏನೂ ಇಲ್ಲ. ಬರೀ ಸೊನ್ನೆ!

ಔಟ್ ಎಣಿಸಿ. ಇಸ್ಪೀಟ್ ಒಂಬತ್ತು ಉಳಿದಿವೆ. ಇಸ್ಪೀಟ್ ಅಲ್ಲದ ರಾಣಿ ಮೂರು. ಇಸ್ಪೀಟ್ ಅಲ್ಲದ ಏಳು ಮೂರು. ಒಟ್ಟು 15! ಎರಡು ಎಲೆಯಲ್ಲಿ ಅವುಗಳಲ್ಲೊಂದು ಬರುವ ಸಾಧ್ಯತೆ 54.1!

ಜೋಡಿ ಎಕ್ಕದವನು ಹಿಂದೆ! ಏನೂ ಇಲ್ಲದ ನೀವು ಮುಂದೆ! ಫ್ಲಾಪ್‌ನಲ್ಲೇ ಅವನು ಇದ್ದದ್ದನ್ನೆಲ್ಲ ತಳ್ಳಿದನೇ? ತಳ್ಳಲಿ! ಎರಡೂ ಎಲೆ ನೋಡುವ ಹಕ್ಕು ಸಿಕ್ಕಿತು. ಈ ಕೈಯನ್ನು ಬಿಸಾಡುವವರುಂಟೇ?

(ನಾಲ್ಕರ ಮಗ್ಗಿ ಇಲ್ಲಿ 60 ಅನ್ನುತ್ತದೆ, ಕೊಂಚ ಜಂಬ ಕೊಚ್ಚುತ್ತದೆ. ಔಟ್ ಎಂಟನ್ನು ಮೀರಿದರೆ, ಮೀರಿದಷ್ಟನ್ನು ಕಳೆದುಬಿಡಿ. 60ರಲ್ಲಿ ಏಳು ಹೋದರೆ 53. ಸರಿಹೋಯಿತು!)

ಇಷ್ಟಕ್ಕೇ ಹಿಗ್ಗಬೇಡಿ. ನಿಜವಾದ ಚಮತ್ಕಾರ ಈಗ ಬರುತ್ತಿದೆ.

ಕೈಯಲ್ಲಿ ಡೈಮನ್ ಒಂಬತ್ತು, ಡೈಮನ್ ಎಂಟು. ಫ್ಲಾಪ್: ಕಳಾವರ್ ರಾಜ, ಇಸ್ಪೀಟ್ ಆರು, ಆಟೀನ್ ಐದು. ನಿಮಗೆ ಬೇಕಾದದ್ದು ಏಳು. ಐದು, ಆರು, ಏಳು, ಎಂಟು, ಒಂಬತ್ತು ಸಾಲಾಗಿ ನಿಲ್ಲುತ್ತವೆ. ಏಳು ಇರುವುದು ನಾಲ್ಕೇ ನಾಲ್ಕು. ಮುಂದಿನ ಎಲೆಯಲ್ಲಿ ಬರುವ ಸಾಧ್ಯತೆ 8.5. ಪಾಟ್ ಸಾವಿರ. ಎದುರಾಳಿ 400 ಕಟ್ಟಿದ. ನಿಮಗೆ 22.2 ಬೇಕು. ಇರುವುದು 8.5.

ಬಿಸಾಡಬೇಕು ತಾನೇ? ಇದರಲ್ಲಿ ಯೋಚಿಸಲು ಏನಿದೆ?

ಇದೆ! ಒಂದೇ ಒಂದು ಪ್ರಶ್ನೆ ಕೇಳಿ: ಎದುರಾಳಿಯ ಮುಂದೆ ಇನ್ನೂ ಎಷ್ಟು ಬಿಲ್ಲೆ ಉಳಿದಿದೆ?

47ರಲ್ಲಿ 43 ಸಲ ನೀವು 400 ಕಳೆದುಕೊಳ್ಳುತ್ತೀರಿ. ನಾಲ್ಕು ಸಲ ಗೆಲ್ಲುತ್ತೀರಿ. ಕಳೆದದ್ದು ವಾಪಸ್ ಬರಬೇಕಾದರೆ ಗೆದ್ದ ಒಂದೊಂದು ಸಲವೂ 4,300 ಸಿಗಬೇಕು. ಮೇಜಿನ ಮೇಲಿರುವುದು 1,400. ಇನ್ನೂ 2,900 ಎಲ್ಲಿಂದ? ಅವನ ಮುಂದಿನ ಗುಡ್ಡೆಯಿಂದ!

ಅವನಲ್ಲಿ ಉಳಿದಿರುವುದು 1,500 ಆದರೆ? ಬಿಸಾಡಿ, ಎರಡು ಮಾತಿಲ್ಲ. ಹತ್ತು ಸಾವಿರ ಉಳಿದಿದೆ, ರಾಜನ ಜೋಡಿಯನ್ನು ಬಿಟ್ಟುಕೊಡುವ ಸ್ವಭಾವ ಅವನದಲ್ಲ ಎಂದರೆ? ಹಾಕಿ 400!

ಅದೇ ಕೈ! ಅದೇ ಫ್ಲಾಪ್! ಅದೇ ಪಣ! ಒಂದು ಕಡೆ ಬಿಸಾಡಬೇಕು, ಇನ್ನೊಂದು ಕಡೆ ಬಿಸಾಡಬಾರದು! ತೀರ್ಮಾನ ಮಾಡಿದ್ದು ಮೇಜಿನ ಮೇಲಿನ ದುಡ್ಡಲ್ಲ, ಇನ್ನೂ ಮೇಜಿಗೇ ಬಾರದ ದುಡ್ಡು!

ಪಣಕ್ಕೆ ಮಿತಿ ಇರುವ ಆಟದಲ್ಲಿ ಈ ಮಾಯೆ ಅಷ್ಟಾಗಿ ಇಲ್ಲ. ಅಲ್ಲಿ ಒಂದು ಸರದಿಗೆ ಇಷ್ಟೇ ಎಂದು ನಿಗದಿಯಾಗಿರುತ್ತದೆ, ದೊಡ್ಡ ಪಾಟ್‌ನ ಮುಂದೆ ಸಣ್ಣ ಪಣ, ಹಾಗಾಗಿ ಒಳ್ಳೆಯ ಡ್ರಾ ಹಿಡಿದವರು ಸಲೀಸಾಗಿ ಮುಂದುವರಿಯುತ್ತಾರೆ. ಮಿತಿ ತೆಗೆದ ಕೂಡಲೇ ಬೆಲೆ ನಿಗದಿ ಮಾಡುವ ಅಧಿಕಾರ ಎದುರಾಳಿಯ ಕೈಗೆ ಹೋಗುತ್ತದೆ. ಗೆದ್ದಾಗ ಅವನ ಇಡೀ ಗುಡ್ಡೆಯನ್ನು ಬಾಚುವ ಅವಕಾಶ ನಿಮ್ಮ ಕೈಗೆ ಬರುತ್ತದೆ!

ಆದರೆ ಹುಷಾರ್! ಎಲ್ಲ ಡ್ರಾಗಳಿಗೂ ಎದುರಾಳಿ ಹೀಗೆ ದುಡ್ಡು ಸುರಿಯುವುದಿಲ್ಲ. ಆಗ ಕೈಯಲ್ಲಿದ್ದ ಒಂಬತ್ತು, ಎಂಟರ ಗುಟ್ಟು ಯಾರಿಗೂ ತಿಳಿಯದು. ಏಳು ಬಿದ್ದಾಗ ಎದುರಾಳಿ ಹುಬ್ಬು ಕೂಡ ಏರಿಸುವುದಿಲ್ಲ. ಮೇಜಿನ ಮೇಲೆ ಮೂರನೇ ಆಟೀನ್ ಬಿದ್ದರೆ? ಎಲ್ಲರ ಕಣ್ಣೂ ಅಲ್ಲೇ! ರಾಜನ ಜೋಡಿ ಹಿಡಿದವನು ಗಪ್‌ಚುಪ್. ಅಡಗಿ ಬರುವ ಎಲೆಗೆ ಬೆಲೆ ಹೆಚ್ಚು, ಡಂಗುರ ಸಾರುತ್ತ ಬರುವ ಎಲೆಗೆ ಕಡಿಮೆ!

ಇನ್ನೊಂದು ಒಗಟು. ಮೊದಲ ಕೈಗೇ ಹೋಗಿ: ಆಟೀನ್ ಎಕ್ಕ, ಆರು. ಫ್ಲಾಪ್‌ನಲ್ಲಿ ಆಟೀನ್ ರಾಜ, ಆಟೀನ್ ಒಂಬತ್ತು, ಕಳಾವರ್ ನಾಲ್ಕು. ಉಳಿದ ಒಂಬತ್ತು ಆಟೀನ್‌ಗಳಲ್ಲಿ ಒಂದು ಎಲೆ ವಿಷ! ಯಾವುದು ಹೇಳಿ ನೋಡೋಣ?

ಆಟೀನ್ ನಾಲ್ಕು!

ಅದು ಬಿದ್ದರೆ ನಿಮ್ಮ ಫ್ಲಶ್ ಆಯಿತು, ನಿಜ. ಆದರೆ ಮೇಜಿನ ಮೇಲೆ ನಾಲ್ಕರ ಜೋಡಿಯೂ ಆಯಿತು. ಎದುರಾಳಿ ಕೈಯಲ್ಲಿ ಜೋಡಿ ರಾಜ ಇಟ್ಟುಕೊಂಡಿದ್ದರೆ ಅವನಿಗೆ ಮೂರು ರಾಜ, ಎರಡು ನಾಲ್ಕು. ಫುಲ್ ಹೌಸ್! ಫ್ಲಶ್ ಮಕಾಡೆ! ನೀವು ಕಾಯುತ್ತಿದ್ದ ಎಲೆಯೇ ನಿಮ್ಮನ್ನು ಮುಳುಗಿಸಿತು!

ಅಷ್ಟೇ ಅಲ್ಲ. ಟರ್ನ್‌ನಲ್ಲೇ ಒಳ್ಳೆಯ ಆಟೀನ್ ಬಂತು ಅಂದುಕೊಳ್ಳಿ. ರಿವರ್‌ನಲ್ಲಿ ಮೇಜಿನ ಯಾವುದಾದರೂ ಎಲೆಗೆ ಜೋಡಿ ಬಿದ್ದರೆ ಮತ್ತೆ ಅವನೇ ಮುಂದೆ. ಇದೆಲ್ಲ ಸೇರಿಸಿದರೆ ನಿಮ್ಮ 35 ಎಷ್ಟಕ್ಕಿಳಿಯುತ್ತದೆ? ಸುಮಾರು 25ಕ್ಕೆ!

ಈಗ ಉಲ್ಟಾ ನೋಡಿ. ಎದುರಾಳಿಯ ಬಳಿ ಇರುವುದು ಮೂರು ರಾಜ ಅಲ್ಲ, ಒಂದು ರಾಜ, ಒಂದು ರಾಣಿ. ಬರೀ ಜೋಡಿ ರಾಜ. ಆಗ ಒಂಬತ್ತು ಆಟೀನ್ ಜೊತೆಗೆ ಉಳಿದ ಮೂರು ಎಕ್ಕವೂ ನಿಮ್ಮವೇ! ಎಕ್ಕದ ಜೋಡಿ ರಾಜನ ಜೋಡಿಯನ್ನು ತುಳಿಯುತ್ತದಲ್ಲ! ಔಟ್ ಹನ್ನೆರಡು. ಸಾಧ್ಯತೆ ಸುಮಾರು 45!

25ಕ್ಕೂ 45ಕ್ಕೂ ನಡುವೆ ಎಷ್ಟು ದೂರ! ನಿಮ್ಮ ಎಲೆ ಬದಲಾಗಿಲ್ಲ. ಮೇಜಿನ ಎಲೆ ಬದಲಾಗಿಲ್ಲ. ಬದಲಾದದ್ದು ನಿಮಗೆ ಕಾಣದ ಎರಡು ಎಲೆ! ಡ್ರಾ ಹಿಡಿದವರು ತಮ್ಮ ಕೈಯನ್ನು ಎಷ್ಟು ನೋಡುತ್ತಾರೋ ಎದುರಾಳಿಯ ಮುಖವನ್ನು, ಪಣವನ್ನು, ಅವನು ತೆಗೆದುಕೊಂಡ ಸಮಯವನ್ನು ಅದಕ್ಕಿಂತ ಹೆಚ್ಚು ನೋಡುವುದು ಇದಕ್ಕೇ.

ಇಲ್ಲಿಯವರೆಗೆ ಎರಡೇ ದಾರಿ ಹೇಳಿದೆ: ಬಿಸಾಡುವುದು, ಇಲ್ಲವೇ ಕೇಳಿದಷ್ಟು ಕೊಡುವುದು. ಮೂರನೆಯದೂ ಒಂದಿದೆ. ಅದು ಜಗತ್ತಿನ ಪೋಕರ್ ಚರಿತ್ರೆಯನ್ನೇ ತಿರುಗಿಸಿತು!

2003. ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೊ. ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯ. ಪ್ರವೇಶ ಶುಲ್ಕ ಹತ್ತು ಸಾವಿರ ಡಾಲರ್. ಆಟಗಾರರು 839. ಕೊನೆಗೆ ಉಳಿದವರು ಇಬ್ಬರು. ಒಬ್ಬ ಪಳಗಿದ ವೃತ್ತಿಪರ, ಸ್ಯಾಮಿ ಫರ್ಹಾ. ಇನ್ನೊಬ್ಬ ಟೆನೆಸ್ಸಿಯ ಅಕೌಂಟೆಂಟ್, 27ರ ಹುಡುಗ. ಆನ್‌ಲೈನ್‌ನಲ್ಲಿ 86 ಡಾಲರ್‌ನ ಅರ್ಹತಾ ಪಂದ್ಯ ಗೆದ್ದು ಬಂದವನು. ಹೆಸರು? ಕ್ರಿಸ್ ಮನಿಮೇಕರ್! ಕಟ್ಟಿದ ಹೆಸರಲ್ಲ, ಹುಟ್ಟಿನಿಂದ ಬಂದದ್ದು!

ಮನಿಮೇಕರ್ ಕೈಯಲ್ಲಿ ಇಸ್ಪೀಟ್ ರಾಜ, ಆಟೀನ್ ಏಳು. ಫರ್ಹಾ ಕೈಯಲ್ಲಿ ಇಸ್ಪೀಟ್ ರಾಣಿ, ಆಟೀನ್ ಒಂಬತ್ತು. ಫ್ಲಾಪ್: ಇಸ್ಪೀಟ್ ಒಂಬತ್ತು, ಡೈಮನ್ ಎರಡು, ಇಸ್ಪೀಟ್ ಆರು. ಟರ್ನ್: ಇಸ್ಪೀಟ್ ಎಂಟು!

ಫರ್ಹಾಗೆ ಒಂಬತ್ತರ ಜೋಡಿ ಆಗಿದೆ. ಮನಿಮೇಕರ್‌ಗೆ ಏನೂ ಆಗಿಲ್ಲ. ಆದರೆ ಏನೇನು ಆಗಬಹುದು ನೋಡಿ! ಇನ್ನೊಂದು ಇಸ್ಪೀಟ್ ಬಂದರೆ ಫ್ಲಶ್. ಐದು ಇಲ್ಲವೇ ಹತ್ತು ಬಂದರೆ ಸಾಲು.

ಅವನ ಕಣ್ಣಿನಿಂದ ಔಟ್ ಎಣಿಸಿ. ಇಸ್ಪೀಟ್ ಒಂಬತ್ತು. ಇಸ್ಪೀಟ್ ಅಲ್ಲದ ಐದು, ಹತ್ತು ಸೇರಿ ಆರು. ಹದಿನೈದು. ಇಷ್ಟೇನಾ? ಇನ್ನೂ ಇದೆ! ಏನನ್ನು ಬಿಟ್ಟಿರಿ?

ರಾಜ! ರಾಜನ ಜೋಡಿಯಾದರೂ ಒಂಬತ್ತರ ಜೋಡಿ ಸೋಲುತ್ತದೆ. ಇನ್ನೂ ಮೂರು ಎಲೆ! ಆದರೆ ಅವನಿಗೆ ತಿಳಿಯದ ಇನ್ನೊಂದು ಗುಟ್ಟಿತ್ತು. ಅವನ ಇಸ್ಪೀಟ್‌ಗಳಲ್ಲಿ ಒಂದು, ಆ ರಾಣಿ, ಫರ್ಹಾನ ಕೈಯಲ್ಲೇ ಕೂತಿತ್ತು! ಆಡದೆ ಉಳಿದ 44 ಎಲೆಗಳಲ್ಲಿ ಅವನನ್ನು ಗೆಲ್ಲಿಸುವವು ನಿಜಕ್ಕೂ 17.

ಫರ್ಹಾ ಟರ್ನ್‌ನಲ್ಲಿ ಮೂರು ಲಕ್ಷ ಕಟ್ಟಿದ. ಮನಿಮೇಕರ್ ಬಿಸಾಡಲಿಲ್ಲ. ಕೇಳಿದಷ್ಟು ಕೊಟ್ಟು ಸುಮ್ಮನಾಗಲೂ ಇಲ್ಲ. ಎಂಟು ಲಕ್ಷಕ್ಕೆ ಏರಿಸಿದ! ಎಲೆ ಬಂದರೆ ಗೆಲುವು. ಬರುವ ಮೊದಲೇ ಎದುರಾಳಿ ಹೆದರಿ ಬಿಟ್ಟರೂ ಗೆಲುವು. ಎರಡು ಬಾಗಿಲು!

ಫರ್ಹಾ ಬಿಡಲಿಲ್ಲ. ರಿವರ್ ಬಿತ್ತು. ಆಟೀನ್ ಮೂರು! ಇಸ್ಪೀಟ್ ಅಲ್ಲ, ಐದಲ್ಲ, ಹತ್ತಲ್ಲ, ರಾಜನೂ ಅಲ್ಲ. ಎಲ್ಲವೂ ತಪ್ಪಿತು! ಮನಿಮೇಕರ್ ಕೈಯಲ್ಲಿ ಬರೀ ಗಾಳಿ!

ಆಗ ಅವನು ಮಾಡಿದ್ದೇನು? ಇದ್ದದ್ದನ್ನೆಲ್ಲ ಮುಂದಕ್ಕೆ ತಳ್ಳಿದ!

ಫರ್ಹಾ ಯೋಚಿಸಿದ. ನಿನ್ನ ಫ್ಲಶ್ ತಪ್ಪಿರಬೇಕು ಎಂದು ಬಾಯಿಬಿಟ್ಟೇ ಅಂದ. ಸತ್ಯ ಅವನ ನಾಲಿಗೆಯ ತುದಿಯಲ್ಲೇ ಇತ್ತು! ಆದರೂ ಗೆಲ್ಲುತ್ತಿದ್ದ ಕೈಯನ್ನು ಬಿಸಾಡಿಬಿಟ್ಟ! ಕೊಂಚ ಹೊತ್ತಿನಲ್ಲಿ ಪಂದ್ಯವೂ ಮುಗಿಯಿತು. ಅಕೌಂಟೆಂಟ್ ಹುಡುಗನಿಗೆ 25 ಲಕ್ಷ ಡಾಲರ್! ಮುಂದಿನ ವರ್ಷ ಅದೇ ಪಂದ್ಯಕ್ಕೆ ಬಂದವರು 2,576. 2006ರಲ್ಲಿ 8,773!

ಇದು ಬರೀ ಗುಂಡಿಗೆಯ ಆಟವೇ? ಅಲ್ಲ, ಇದರ ಹಿಂದೆಯೂ ಲೆಕ್ಕ! ಟರ್ನ್‌ನಲ್ಲಿ ಒಂಬತ್ತು ಔಟ್ ಹಿಡಿದು, ಸಾವಿರದ ಪಾಟ್‌ಗೆ ಕೊನೆಯ ಸಾವಿರ ತಳ್ಳಿದಿರಿ ಅನ್ನಿ. ನಷ್ಟವಾಗದಿರಲು ಎದುರಾಳಿ ನೂರರಲ್ಲಿ ಎಷ್ಟು ಸಲ ಓಡಿಹೋಗಬೇಕು? ಕೈಯಲ್ಲಿ ಏನೂ ಇಲ್ಲದಿದ್ದರೆ 50 ಸಲ. ನಿಮ್ಮ ಬಳಿ ಡ್ರಾ ಇದೆಯಲ್ಲ, 30 ಸಲ ಸಾಕು! ಬಂದೀತು ಎನ್ನುವ ಆ ಒಂಬತ್ತು ಎಲೆಗಳು, ಬಾರದೆಯೇ ನಿಮಗೆ ದುಡಿದು ಕೊಡುತ್ತವೆ!

ಎದುರಾಳಿ ಎಂದೂ ಬಿಡದ ಹಟಮಾರಿಯೇ? ಹಾಗಾದರೆ ಈ ಮೂರನೇ ದಾರಿ ಮುಚ್ಚಿದೆ. ಬೆಲೆ ಸರಿಯಿಲ್ಲದಿದ್ದರೆ ಬಿಸಾಡಿ.

ಈಗ ಯಂತ್ರಗಳು ಬರಲಿ! 2017ರ ಜನವರಿ, ಪಿಟ್ಸ್‌ಬರ್ಗ್. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತುಮಾಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ಕಟ್ಟಿದ ಲಿಬ್ರಾಟಸ್ ಎಂಬ ಪ್ರೋಗ್ರಾಂ, ನಾಲ್ವರು ವೃತ್ತಿಪರರ ಎದುರು ಕೂತಿತು. 20 ದಿನ. 1,20,000 ಆಟ. ಇಬ್ಬರಾಡುವ ನೋ-ಲಿಮಿಟ್ ಹೋಲ್ಡೆಮ್. ಈ ಆಟದಲ್ಲಿ ತೀರ್ಮಾನ ಮಾಡಬೇಕಾದ ಸನ್ನಿವೇಶ ಎಷ್ಟಿವೆ ಗೊತ್ತೇ? 1ರ ಮುಂದೆ 161 ಸೊನ್ನೆ! ಕಾಣುವ ಬ್ರಹ್ಮಾಂಡದ ಪರಮಾಣುಗಳಿಗೆ ಸುಮಾರು 80 ಸೊನ್ನೆ ಸಾಕು!

ಯಾರು ಗೆದ್ದರು? ಯಂತ್ರ! ಲೆಕ್ಕಕ್ಕಿಟ್ಟಿದ್ದ ಬಿಲ್ಲೆಗಳಲ್ಲಿ 17 ಲಕ್ಷ ಡಾಲರ್‌ಗೂ ಮೀರಿದ ಮುನ್ನಡೆ!

ಮನುಷ್ಯರನ್ನು ಹಣ್ಣು ಮಾಡಿದ್ದು ಅದರ ಪಣದ ಗಾತ್ರ. ಸಣ್ಣ ಪಾಟ್‌ಗೆ ಅದರ ಹಲವು ಪಟ್ಟು ಪಣ! ಅರ್ಧ, ಮುಕ್ಕಾಲು ಪಾಟ್‌ನ ಬೆಲೆಗೆ ಒಗ್ಗಿಹೋದವರಿಗೆ ದಿಕ್ಕೇ ತೋಚಲಿಲ್ಲ. ಡ್ರಾ ಹಿಡಿದವರ ಲೆಕ್ಕಗಳೆಲ್ಲ ತಲೆಕೆಳಗು.

ಎರಡು ವರ್ಷ ಬಿಟ್ಟು, 2019ರಲ್ಲಿ, ಪ್ಲುರಿಬಸ್ ಎಂಬ ಇನ್ನೊಂದು ಯಂತ್ರ ಬಂತು. ಆರು ಜನರ ಮೇಜಿನಲ್ಲೂ ಗೆದ್ದಿತು! ಅದರ ತರಬೇತಿಗೆ ಹಿಡಿದದ್ದು ಎಂಟೇ ದಿನ. ಕಂಪ್ಯೂಟರ್ ಖರ್ಚು? ಕೋಟಿ? ಲಕ್ಷ? 150 ಡಾಲರ್‌ಗಿಂತ ಕಡಿಮೆ!

ಈ ಯಂತ್ರಗಳು ಡ್ರಾ ಬಂದಾಗ ಏನು ಮಾಡುತ್ತವೆ? ಇದೇ ಮಜಾ. ಬೆಲೆಯ ಗೆರೆಯ ಹತ್ತಿರದ ಕೈ ಬಂದರೆ ಒಂದೇ ಉತ್ತರವನ್ನು ಹಿಡಿದು ಕೂರುವುದಿಲ್ಲ! ಒಮ್ಮೆ ಬಿಸಾಡುತ್ತವೆ, ಒಮ್ಮೆ ಕೊಡುತ್ತವೆ, ಒಮ್ಮೆ ಏರಿಸುತ್ತವೆ. ಎಲ್ಲ ಡ್ರಾಗಳನ್ನೂ ಬಿಸಾಡಿದರೆ ಎದುರಾಳಿ ದಿನವಿಡೀ ಹೆದರಿಸಿ ದೋಚುತ್ತಾನೆ. ಎಲ್ಲಕ್ಕೂ ಬರೀ ಕೊಡುತ್ತ ಹೋದರೆ ಮೂರನೇ ಆಟೀನ್ ಬಿದ್ದ ದಿನ ಅವನಿಗೆ ಎಲ್ಲ ತಿಳಿಯುತ್ತದೆ. ಅದಕ್ಕೇ ಈ ಬೆರಕೆ!

ತಪ್ಪಿಹೋದ ಡ್ರಾಗೂ ಇಲ್ಲಿ ಮರುಜನ್ಮವಿದೆ! ರಿವರ್‌ನಲ್ಲಿ ಪಾಟ್‌ನಷ್ಟೇ ಪಣ ಕಟ್ಟುವವನು ಮೂರರಲ್ಲಿ ಒಂದು ಸಲ ಸುಳ್ಳಾಡಿದರೆ ಎದುರಾಳಿ ಏನು ಮಾಡಿದರೂ ಫಲ ಒಂದೇ. ಆ ಒಂದು ಸಲಕ್ಕೆ ತಕ್ಕ ಕೈ ಯಾವುದು? ಕೂಡದೆ ಹೋದ ಡ್ರಾ!

ಇದನ್ನೆಲ್ಲ ಪರೀಕ್ಷಿಸಲು ದುಡ್ಡು ಬೇಡವೇ ಬೇಡ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಮ್ಮಲ್ಲಿ 2025ರ ಕಾಯ್ದೆ ನಿಷೇಧಿಸಿಯೂ ಇದೆ. ಒಂದು ಪ್ಯಾಕು, ಒಂದು ಬೊಗಸೆ ಹುಣಸೆ ಬೀಜ ಸಾಕು. ನಾಲ್ಕು ಆಟೀನ್, ಒಂದು ಕಳಾವರ್ ಎತ್ತಿಟ್ಟು, ಉಳಿದದ್ದನ್ನು ಕಲಸಿ, ಎರಡೆರಡು ಎಲೆ ತೆರೆಯುತ್ತ ಹೋಗಿ. 35 ನಿಮ್ಮ ಕಣ್ಣೆದುರೇ ಮೂಡುತ್ತದೆ!

ಕೊನೆಯ ಪರೀಕ್ಷೆ. ಸಿದ್ಧವೇ?

ಕೈಯಲ್ಲಿ ಇಸ್ಪೀಟ್ ಎಂಟು, ಇಸ್ಪೀಟ್ ಏಳು. ಮೇಜಿನ ಮೇಲೆ ಇಸ್ಪೀಟ್ ರಾಣಿ, ಇಸ್ಪೀಟ್ ಮೂರು, ಡೈಮನ್ ಗುಲಾಮ, ಆಟೀನ್ ಗುಲಾಮ. ರಿವರ್ ಒಂದೇ ಬಾಕಿ. ಪಾಟ್ ಸಾವಿರ. ಎದುರಾಳಿ 300 ಕಟ್ಟಿದ. ಹಿಂದೆ ಇಬ್ಬರ ಬಳಿಯೂ ದೊಡ್ಡ ಗುಡ್ಡೆ.

ಔಟ್ ಒಂಬತ್ತು. ಗೆರೆ 321. ಕೇಳಿದ್ದು 300. ಲೆಕ್ಕ ‘ಕೊಡು’ ಅನ್ನುತ್ತಿದೆ. ಕೊಡುತ್ತೀರಾ?

ಮೇಜನ್ನು ಇನ್ನೊಮ್ಮೆ ನೋಡಿ! ಗುಲಾಮನ ಜೋಡಿ ಆಗಲೇ ಬಿದ್ದಿದೆ. ಎದುರಾಳಿಗೆ ಫುಲ್ ಹೌಸ್ ಈಗಾಗಲೇ ಆಗಿರಬಹುದು, ಆಗ ನಿಮ್ಮ ಒಂಬತ್ತೂ ಎಲೆ ದಂಡ. ಇಸ್ಪೀಟ್ ಗುಲಾಮ ಬಿದ್ದರಂತೂ ಮೇಜಿನ ಮೇಲೆ ಮೂರು ಗುಲಾಮ, ಯಾವ ಜೋಡಿ ಹಿಡಿದವನಿಗೂ ಫುಲ್ ಹೌಸ್! ಎಲ್ಲ ಸರಿಹೋಗಿ ಫ್ಲಶ್ ಆದರೂ ಅದರಲ್ಲಿ ನಿಮ್ಮ ಕೈಯ ದೊಡ್ಡ ಎಲೆ ಬರೀ ಎಂಟು. ಎಕ್ಕವೋ ರಾಜನೋ ಸೇರಿದಂತೆ ಎರಡು ಇಸ್ಪೀಟ್ ಎದುರಾಳಿಯ ಕೈಯಲ್ಲಿದ್ದರೆ ನಿಮ್ಮ ಇಡೀ ಗುಡ್ಡೆ ಅವನದು. ಗೆದ್ದಾಗ ಸಿಗುವುದು ಚಿಲ್ಲರೆ, ಸೋತಾಗ ಹೋಗುವುದು ಎಲ್ಲವೂ!

ಬಿಸಾಡಿ! ಲೆಕ್ಕ ಬೇಡ ಅಂತಲ್ಲ. 300 ಎನ್ನುವುದು ಬೆಲೆಯ ಮೊದಲ ಕಂತು ಮಾತ್ರ, ಅದಕ್ಕೆ!

ಬಿಸಾಡಿದ ಮೇಲೆ ರಿವರ್ ತಿರುಗಿಸಿ ನೋಡಿದರೆ ಐದು ಸಲಕ್ಕೆ ಒಂದು ಸಲ ಇಸ್ಪೀಟ್ ಬಿದ್ದೇ ಬೀಳುತ್ತದೆ. ಹೊಟ್ಟೆ ಚುರ್ರ್ ಎನ್ನುತ್ತದೆ. ಎನ್ನಲಿ ಬಿಡಿ! ನೀವು ಬೆಲೆ ನೋಡಿ ತೀರ್ಮಾನಿಸಿದ್ದು ಎಲೆ ತಿರುಗುವ ಮೊದಲು. ಅದು ಆಗಲೂ ಸರಿಯಿತ್ತು, ಈಗಲೂ ಸರಿ. ಉಳಿದ ನಾಲ್ಕು ಸಲದ ಗಂಟು ನಿಮ್ಮ ಮುಂದೆಯೇ ಇದೆಯಲ್ಲ, ಮುಂದಿನ ಕೈ ಹಂಚಲು ಹೇಳಿ!